ಬಿಜು ಹಬ್ಬಕ್ಕೆ ತೊಳೆದ ಕೀಲಿಮಣೆ

ಕೆಂಡದಲ್ಲಿ ಸಿದೊಲ್ ಸುಡುವ ವಾಸನೆ ಮೂಗಿಗೆ ಬಡಿದರೆ ಸಾಕು, ರಂಗಾಬಿಗೆ ಅಕ್ಷರಗಳು ನೆನಪಾಗುತ್ತಿದ್ದವು. ಹುಳಿ ಬರಿಸಿದ ಮೀನಿನ ಆ ಉಂಡೆಯನ್ನು ಅಜ್ಜಿ ಬಾಳೆಲೆಯಲ್ಲಿ ಸುತ್ತಿ ಒಲೆಯ ಬೂದಿಯೊಳಗೆ ತಳ್ಳುತ್ತಿದ್ದಳು. ಎಲೆ ಕರಕಲಾಗುತ್ತ ಬಂದ ಹಾಗೆ, ಹೊರಗಿನವರು ಮೂಗು ಮುಚ್ಚಿಕೊಂಡು ಓಡುವಂಥ, ಮನೆಯವರಿಗೆ ಬಾಯಲ್ಲಿ ನೀರೂರುವಂಥ ಒಂದು ಘಾಟು ಬಿದಿರಿನ ಮನೆಯನ್ನೆಲ್ಲ ತುಂಬಿಕೊಳ್ಳುತ್ತಿತ್ತು. ಅದೇ ಒಲೆಯ ಇನ್ನೊಂದು ಬದಿಗೆ ಆಜು ಕೂತಿರುತ್ತಿದ್ದ. ಆಜು ಅಂದರೆ ಅಜ್ಜ. ಊರಿಗೆಲ್ಲ ನಾಡಿ ನೋಡುವ ವೈದ್ಯ. ಆರಿದ ಬೂದಿಯನ್ನು ಹಲಗೆಯ ಮೇಲೆ ಹರಡಿ ಅವನು ಮಕ್ಕಳಿಗೆ ತಮ್ಮ ಚಕ್ಮಾ ಭಾಷೆಯ ಅಕ್ಷರ ತಿದ್ದಿಸುತ್ತಿದ್ದ. ಒಂದೊಂದು ಅಕ್ಷರಕ್ಕೂ ಅದರ ಮೈಕಟ್ಟು ನೋಡಿ ಇಟ್ಟ ಹೆಸರು: ಚೂಪು ಕಾ, ಚಂದ್ರ ಗಾ, ಮೂರು ಕೊಂಬೆಯ ಘಾ. ತಪ್ಪು ಬರೆದರೆ ಬೈಯುತ್ತಿರಲಿಲ್ಲ. ಉಫ್ ಎಂದು ಬೂದಿ ಊದಿ, "ಗಾಳಿ ಬಂದು ಅಳಿಸಿಬಿಡ್ತು ನೋಡು, ಇನ್ನೊಂದು ಸಲ ಬರಿ" ಎನ್ನುತ್ತಿದ್ದ.

ಹಲಗೆಯ ಸುತ್ತ ಮೂವರು ಕೂರುತ್ತಿದ್ದರು. ರಂಗಾಬಿ, ಅವಳ ತಮ್ಮ ಕೀರ್ತಿಮನಿ, ಮೇಲಿನ ಗುಡ್ಡದ ಲೊಕ್ಕಿಧನ್. ಲೊಕ್ಕಿಧನ್‌ಗೆ ತಂದೆ ಇರಲಿಲ್ಲ. ಅವನ ತಾಯಿ ಸೊನಾಬಿ ಗುರುಕಾಣಿಕೆಯೆಂದು ಮಗನ ಕೈಯಲ್ಲಿ ಒಂದು ಹಿಡಿ ಮೆಣಸಿನಕಾಯಿ ಕಳಿಸುತ್ತಿದ್ದಳು. ಸಿದೊಲ್ ಬೆಂದು ಎಲೆ ಬಿಚ್ಚಿದಾಗ ಅಜ್ಜಿ ದೊಡ್ಡ ತುಣುಕನ್ನು ಸದಾ ಅವನ ಅನ್ನದ ಮೇಲೆಯೇ ಇಡುತ್ತಿದ್ದಳು.

ಅದೆಲ್ಲ ಹಳೆಯ ಮಾತು. ಈಗ ಲೊಕ್ಕಿಧನ್ ಬಂದೂಕು ಹಿಡಿದ ಗುಡ್ಡದ ಪಕ್ಷದ ಕಮಾಂಡರ್. ಅವನ ಹೆಸರನ್ನು ಹರಿಂಗ್‌ಮುರಾ ಬಜಾರಿನಲ್ಲಿ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಕೀರ್ತಿಮನಿ ಅದೇ ಬಜಾರಿನಲ್ಲಿ, ದೊಡ್ಡ ಕೆರೆಯ ಲಾಂಚು ದೋಣಿ ಬಂದು ನಿಲ್ಲುವ ಘಾಟಿನ ಮೆಟ್ಟಿಲುಗಳ ಮೇಲುಗಡೆ, ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಗಂಡ ಸತ್ತ ಮೇಲೆ ರಂಗಾಬಿ ತಮ್ಮನ ಜೊತೆಗೇ ಇದ್ದಳು. ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆ.

ಅಂಗಡಿ ನಡೆಯುತ್ತಿದ್ದದ್ದು ಕೀರ್ತಿಮನಿಯ ಕೀಲಿಮಣೆಯಿಂದ. ಚಕ್ಮಾ ಅಕ್ಷರ ಕಂಪ್ಯೂಟರಿನಲ್ಲಿ ಮೂಡತೊಡಗಿದ ಹೊಸದರಲ್ಲಿ, ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕು ಎಂದು ಅವನು ತಿಂಗಳುಗಟ್ಟಲೆ ಕೂತು ಹೊಂದಿಸಿದ್ದ. ಆಜು ಬೂದಿಯಲ್ಲಿ ಸಾಲಾಗಿ ಬರೆಸುತ್ತಿದ್ದ ಕ್ರಮದಲ್ಲೇ ಕೀಲಿಗಳ ಸಾಲಿಗೆ ಅಕ್ಷರ ಕೂರಿಸಿ, ಒಂದೊಂದರ ಮೇಲೂ ಪುಟ್ಟ ಚೀಟಿ ಅಂಟಿಸಿದ. ಇಂಗ್ಲಿಷಿನ ಗಂಧವಿಲ್ಲದ ಮುದುಕರೂ ಬೆರಳಿಟ್ಟು ಹುಡುಕಿಕೊಳ್ಳಬಹುದಿತ್ತು. ಬಜಾರಿನವರು ಅದನ್ನು ಆಜುಮಣೆ ಎಂದು ಕರೆದರು. ಅದೇ ಹೊತ್ತಿಗೆ ಪಟ್ಟಣದ ಕಾಲೇಜು ಹುಡುಗರು ಇನ್ನೊಂದು ಜೋಡಣೆ ಮಾಡಿದರು. ಇಂಗ್ಲಿಷ್ ಅಕ್ಷರದ ಸದ್ದಿಗೆ ಹೊಂದುವಂತೆ ಚಕ್ಮಾ ಅಕ್ಷರ, ಕೀಲಿಗಳ ಮೇಲೆ ಅಂಥದೇ ಚೀಟಿ. ಅದು ಕಾಲೇಜುಮಣೆ. ಎರಡರಲ್ಲೂ ಅಕ್ಷರ ಅವೇ, ಹಾಳೆಯ ಮೇಲೆ ಮೂಡುವ ಬರಹವೂ ಅದೇ. ಬೆರಳು ಹೋಗುವ ಜಾಗ ಮಾತ್ರ ಬೇರೆ.

ಇಷ್ಟಕ್ಕೆ ಹೆಣ ಬಿದ್ದಾವೆಂದು ಯಾರು ತಿಳಿದಿದ್ದರು? ಒಂದೇ ಆಗಿದ್ದ ಪಕ್ಷ ಒಡೆದು ಗುಡ್ಡದವರು, ದಡದವರು ಎಂದು ಎರಡಾದ ಮೇಲೆ ಗುಡ್ಡದವರ ಕರಪತ್ರ ಆಜುಮಣೆಯಲ್ಲಿ, ದಡದವರದ್ದು ಕಾಲೇಜುಮಣೆಯಲ್ಲಿ ತಯಾರಾಗತೊಡಗಿತು. ಮೊದಮೊದಲು ಅದು ಅನುಕೂಲ, ಆಮೇಲೆ ಗುರುತು, ಕೊನೆಗೆ ಕಟ್ಟಳೆ. ಮಳೆಗಾಲದಲ್ಲಿ ದಡದವರು, ಆಜುಮಣೆ ಇಟ್ಟುಕೊಂಡಿದ್ದ ಮೊಬೈಲ್ ಅಂಗಡಿಯವನ ಬೆರಳುಗಳನ್ನು ಮಚ್ಚಿನಿಂದ ತರಿದು ಕೆರೆಗೆ ಎಸೆದರು. ಅದಕ್ಕೆ ಉತ್ತರವಾಗಿ ಗುಡ್ಡದವರು, ಮಕ್ಕಳಿಗೆ ಕಾಲೇಜುಮಣೆ ಕಲಿಸುತ್ತಿದ್ದ ಮೇಷ್ಟರೊಬ್ಬರನ್ನು ಲಾಂಚಿನಿಂದ ಇಳಿಸಿ ಘಾಟಿನ ಮೆಟ್ಟಿಲ ಮೇಲೆ ಗುಂಡಿಕ್ಕಿ ಕೊಂದರು. ಮೇಷ್ಟರ ಚೀಲದಲ್ಲಿದ್ದ ಹಲಸಿನ ಬೀಜಗಳು ರಕ್ತದ ಜೊತೆ ಮೆಟ್ಟಿಲುದ್ದಕ್ಕೂ ಉರುಳಿದವು. ರಂಗಾಬಿ ಅವನ್ನು ಆರಿಸಿ, ತೊಳೆದು, ಮೇಷ್ಟರ ಹೆಂಡತಿಗೆ ತಲುಪಿಸಿ ಬಂದಿದ್ದಳು. ಇನ್ನೇನು ಕೊಡಬಹುದು ಎಂದು ಅವಳಿಗೆ ತಿಳಿದಿರಲಿಲ್ಲ.

ಕೀರ್ತಿಮನಿಯ ಬಳಿ ಎರಡೂ ಮಣೆಗಳಿದ್ದವು. ಆಜುಮಣೆ ಮೇಜಿನ ಮೇಲೆ. ಕಾಲೇಜುಮಣೆ ಹಿಂದಿನ ಕೋಣೆಯಲ್ಲಿ, ಅಕ್ಕಿ ಮಡಕೆಯ ಮರೆಗೆ, ಹಳೆಯ ಬಟ್ಟೆಯೊಂದರಲ್ಲಿ ಸುತ್ತಿ. ಆಚೆ ದಡದ ಶಾಲೆಗಳಿಂದ ದೋಣಿಯಲ್ಲಿ ಟೀಚರಮ್ಮಂದಿರು ಬಂದರೆ ಬಾಗಿಲು ಓರೆ ಮಾಡಿ ಅದನ್ನು ಹೊರಗೆ ತೆಗೆಯುತ್ತಿದ್ದ.

"ಯಾಕೋ ನಿನಗೆ ಈ ಉಸಾಬರಿ?" ಎಂದು ರಂಗಾಬಿ ಎಷ್ಟೋ ಸಲ ಕೇಳಿದ್ದಳು.

"ಅವರು ಕಲಿತದ್ದೇ ಹಾಗೆ ಬೆಬೇ," ಅನ್ನುತ್ತಿದ್ದ ಅವನು. ಅಕ್ಕನನ್ನು ಕರೆಯುವುದು ಹಾಗೆ. "ಆ ಬೆರಳು ಮನೇಲಿಟ್ಟು ಬೇರೆ ಬೆರಳು ಹಾಕ್ಕೊಂಡು ಬನ್ನಿ ಅನ್ನೋಕಾಗುತ್ತಾ?"

"ಗುಡ್ಡದವರಿಗೆ ಗೊತ್ತಾದ್ರೆ?"

"ಲೊಕ್ಕಿಧನ್‌ಗೆ ಗೊತ್ತಾದ್ರೆ ಬಂದು ನಾಲ್ಕು ಬೈದು ಹೋಗ್ತಾನೆ, ಅಷ್ಟೇ ತಾನೆ? ನಮ್ಮಜ್ಜಿ ಸಿದೊಲ್ ತಿಂದ ಬಾಯಿ ಅದು."

ಹೊಸವರ್ಷದ ಬಿಜು ಹಬ್ಬದ ಮೊದಲ ದಿನ, ಹೂಬಿಜುವಿನ ಬೆಳಿಗ್ಗೆ, ಬಜಾರಿಗೆ ಬಜಾರೇ ನೀರಿನ ಅಂಚಿನಲ್ಲಿತ್ತು. ಹೆಂಗಸರು, ಮಕ್ಕಳು ಕಾಡಿನಿಂದ ಕೊಯ್ದು ತಂದ ಹೂಗಳನ್ನು ಬಾಳೆಲೆಯ ಮೇಲಿಟ್ಟು ಕೆರೆಗೆ ಬಿಟ್ಟರು. ಆಮೇಲೆ ತೊಳೆಯುವ ಕೆಲಸ. ಮನೆಗೆ ಅನ್ನ ಕೊಡುವ ಪ್ರತಿಯೊಂದನ್ನೂ ಆ ದಿನ ತೊಳೆದು ಹೂ ಮುಡಿಸಬೇಕು: ದನ, ಮಚ್ಚು, ಮಗ್ಗದ ಕೋಲು, ಬಲೆ. ಒಂದನ್ನು ಮರೆತರೆ ಅದು ವರ್ಷವಿಡೀ ಮುನಿಸಿಕೊಂಡಿರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ರಂಗಾಬಿ ಕಂಪ್ಯೂಟರಿನ ಪರದೆ ಒರೆಸಿ ಹೂ ಇಟ್ಟಳು. ಆಜುಮಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಗಿಲ ಬಳಿಯ ಬೆಂಚಿನ ಮೇಲೆ ಬಿಸಿಲಿಗಿಟ್ಟಳು. ಆಗ ಅವಳಿಗೆ ಅಕ್ಕಿ ಮಡಕೆಯ ಹಿಂದಿನದು ನೆನಪಾಯಿತು. ಅದೂ ಅನ್ನ ಕೊಟ್ಟದ್ದೇ ಅಲ್ಲವೇ? ಕತ್ತಲೆಯಲ್ಲಿ ಕೂತು, ಹೆಸರಿಲ್ಲದೆ ದುಡಿದದ್ದು. ಇವತ್ತೂ ಅದನ್ನು ಅಲ್ಲೇ ಬಿಟ್ಟರೆ ಹೇಗೆ? ಒಂದು ಗಳಿಗೆ ಬಿಸಿಲು ಕಾಯಿಸಿ ಒಳಗಿಟ್ಟರಾಯಿತು ಎಂದುಕೊಂಡು ಅದನ್ನೂ ತಂದು ಒರೆಸಿ, ಕೀಲಿಗಳ ನಡುವೆ ಒಂದು ಬಿಳಿ ಹೂ ಸಿಕ್ಕಿಸಿ, ಬೆಂಚಿನ ಮೇಲಿಟ್ಟಳು.

"ಏನು ತಂಗಿ, ಕಂಪ್ಯೂಟರಿಗೂ ಎಣ್ಣೆನೀರಾ?" ಎಂದು ಎದುರು ಅಂಗಡಿಯಿಂದ ಹಾಶೆಮ್ ಚಾಚಾ ಕೂಗಿದ. ಗುಡ್ಡನಾಡಿನ ಕೆಳಗಿನ ಬಯಲಿನ ಊರುಗಳಿಂದ ಬಂದು ಇಲ್ಲಿ ನೆಲೆ ನಿಂತವನು, ಚಹಾ ಮಾರುತ್ತಿದ್ದ.

"ನಿನ್ನ ಚಹಾ ಕೆಟಲಿಗೂ ಮಾಡಿಸು ಚಾಚಾ. ಅದು ಮೈ ತೊಳೆದು ಯಾವ ಕಾಲ ಆಯ್ತೋ!"

"ತೊಳೆದ್ರೆ ರುಚಿ ಹೋಗುತ್ತೆ ಕಣಮ್ಮಾ."

ಅಷ್ಟರಲ್ಲಿ ಜೊಯ್‌ಚಾನ್ ವೈದ್ಯ ಬಂದ. ಆಜುವಿನ ಶಿಷ್ಯ, ಹಲ್ಲಿಲ್ಲದ ಮುದುಕ. ತನ್ನ ಮದ್ದಿನ ಮಂತ್ರಗಳನ್ನು ಆಜುಮಣೆಯಲ್ಲಿ ಒಂದೇ ಬೆರಳಿನಿಂದ ತಾನೇ ಟೈಪು ಮಾಡುತ್ತಿದ್ದ. ಹಾಳೆ ಮಗುಚುವವರಂತೆ ಪ್ರತಿ ಅಕ್ಷರಕ್ಕೂ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಕೀರ್ತಿಮನಿ ಒಂದು ದಿನವೂ ಅದಕ್ಕೆ ನಕ್ಕಿರಲಿಲ್ಲ. ಅವನು ಎದ್ದುಹೋದ ಮೇಲೆ ಸುಮ್ಮನೆ ಕೀಲಿಗಳನ್ನು ಒರೆಸಿಡುತ್ತಿದ್ದ. ಮುದುಕ ರಂಗಾಬಿಗೆ ಒಂದು ಬೊಗಸೆ ಹೂ ಕೊಟ್ಟ. ಮುಡಿದುಕೋ ಎಂದ. ವಿಧವೆ ಎಂದು ಅವಳಿಗೆ ಯಾರೂ ಹಾಗೆ ಹೇಳಿ ಬಹಳ ಕಾಲವಾಗಿತ್ತು. ಅವಳು ನಾಚಿ ನಗುತ್ತ ನಿಂತಳು. ಬೆಂಚನ್ನು ಮರೆತಳು.

ಗುಡ್ಡದ ಪಕ್ಷದವರು ಐದಾರು ಮಂದಿ ಘಾಟಿನ ಕಡೆಗೆ ಇಳಿದು ಬಂದದ್ದು ಆಗ. ಮುಂದಿದ್ದವನು ಹಸಿರು ಟೋಪಿಯವನು. ಹಾದುಹೋದವನು ತಿರುಗಿ ಬಂದು ಬೆಂಚಿನಿಂದ ಹೂವಿದ್ದ ಕೀಲಿಮಣೆಯನ್ನೆತ್ತಿಕೊಂಡ.

"ಇದ್ಯಾರದು?"

"ಹಬ್ಬ ಅಲ್ವೇನಪ್ಪಾ, ತೊಳೆದಿಟ್ಟಿದ್ದೆ," ಎಂದಳು ರಂಗಾಬಿ.

"ತೊಳೆದದ್ದು ಕಾಣ್ತಾ ಇದೆ. ಅಕ್ಷರ ಯಾಕೆ ಹೀಗೆ ಕೂತಿವೆ ಅಂತ ಕೇಳಿದೆ. ದಡದವರ ಬಾಣಂತನ ಇಲ್ಲೇ ನಡೀತಿದೆಯೋ?"

ಕೀರ್ತಿಮನಿ ಸ್ನಾನ ಮಾಡಿದ ಒದ್ದೆ ತಲೆಯಲ್ಲೇ ಹೊರಗೆ ಬಂದ. ಕಿವಿಯ ಮೇಲೆ ಒಂದು ಹೂವಿತ್ತು. "ಅದು ನನ್ನದು. ಅಕ್ಕನಿಗೆ ಏನೂ ಗೊತ್ತಿಲ್ಲ."

ಹಸಿರು ಟೋಪಿಯವನು ಎರಡೂ ಕೈಯಲ್ಲಿ ಕೀಲಿಮಣೆ ಹಿಡಿದು ಅವನ ಮುಖಕ್ಕೆ ಅಡ್ಡಡ್ಡ ಬೀಸಿದ. ಮೂಗಿನ ಮೂಳೆ ಮುರಿದ ಸದ್ದು ರಂಗಾಬಿಗೆ ಕೇಳಿಸಿತು. ಕೀಲಿಗಳು ಅರಳಿನ ಹಾಗೆ ಸಿಡಿದು ಬೀದಿಯಲ್ಲಿ ಚೆಲ್ಲಿದವು. ಎರಡನೆಯ ಏಟಿಗೆ ಮಣೆಯೇ ಎರಡು ತುಂಡಾಯಿತು. ನೆಲಕ್ಕೆ ಬಿದ್ದವನ ಪಕ್ಕೆಗೆ ಬೂಟಿನ ಕಾಲುಗಳು ಬಿದ್ದವು. ಇಬ್ಬರು ಒಳಗೆ ನುಗ್ಗಿ ಕಂಪ್ಯೂಟರನ್ನು ಮೆಟ್ಟಿಲ ಮೇಲೆ ಎಸೆದರು. ಒಬ್ಬ ಸೀಮೆಎಣ್ಣೆಯ ಡಬ್ಬಿ ಬಗ್ಗಿಸಿದ.

"ಬಿಡ್ರೋ! ಹೂಬಿಜುವಿನ ದಿನ ಕಣ್ರೋ!" ಎಂದು ಜೊಯ್‌ಚಾನ್ ವೈದ್ಯ ಊರುಗೋಲು ಹಿಡಿದು ನಡುವೆ ಬಂದ. "ನಿಮ್ಮ ಕರಪತ್ರ ಬರೆಯೋ ಮಣೆ ಮಾಡಿದವನನ್ನೇ ಹೊಡೀತೀರಲ್ಲೋ!"

ಯಾರೋ ಗುಂಡು ಹಾರಿಸಿದರು. ಮುದುಕ ಹೊಟ್ಟೆ ಹಿಡಿದುಕೊಂಡು, ಯಾರಾದರೂ ಕೂರು ಅಂದರೇನೋ ಎಂಬಂತೆ ಮೆಲ್ಲಗೆ ಬೆಂಚಿನ ಮೇಲೆ ಕೂತ. ಬೆರಳುಗಳ ಸಂದಿಯಿಂದ ಇಳಿದ ರಕ್ತ ಪಕ್ಕದಲ್ಲಿದ್ದ ಆಜುಮಣೆಯ ಮೇಲೆ ತೊಟ್ಟಿಕ್ಕಿತು.

ರಂಗಾಬಿ ಹಸಿರು ಟೋಪಿಯವನ ಅಂಗಿ ಹಿಡಿದು ಜೋತುಬಿದ್ದಳು. ಬಂದೂಕಿನ ಹಿಂಬದಿ ಅವಳ ಬಾಯಿಗೆ ಬಿತ್ತು. ಹಲ್ಲೊಂದು ನಾಲಿಗೆಯ ಮೇಲೆ ಕಲ್ಲಿನಂತೆ ಉರುಳಿತು. ಕಣ್ಣು ತೆರೆದಾಗ ತಮ್ಮನನ್ನು ಕಾಲು ಹಿಡಿದು ಗುಡ್ಡದ ದಾರಿಯಲ್ಲಿ ಎಳೆದೊಯ್ಯುತ್ತಿದ್ದರು. ಅವನ ತಲೆ ಪ್ರತಿ ಕಲ್ಲಿಗೂ ಬಡಿಯುತ್ತಿತ್ತು. ಅಂಗಡಿ ಹೊತ್ತಿ ಉರಿಯುತ್ತಿತ್ತು. ಬಜಾರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ತೆರೆದದ್ದು ಒಂದೇ. ಹಾಶೆಮ್ ಚಾಚಾ ತನ್ನ ಕುದಿಯುವ ಚಹಾ ನೀರನ್ನೇ ಬೆಂಕಿಗೆ ಎರಚಿ, ಅವಳ ತೋಳಿಗೆ ಕೈಹಾಕಿ ಉರಿಯಿಂದ ದೂರ ಎಳೆದ. ತನ್ನ ಹೆಗಲ ಗಮ್ಚಾ ವಸ್ತ್ರ ಒದ್ದೆ ಮಾಡಿ ಅವಳ ಬಾಯಿಗೆ ಒತ್ತಿ, "ಕಚ್ಚಿ ಹಿಡ್ಕೋ ತಂಗಿ, ಗಟ್ಟಿಯಾಗಿ ಕಚ್ಚಿ ಹಿಡ್ಕೋ," ಎಂದ. ಆಮೇಲೆ ಹೋಗಿ ವೈದ್ಯನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಮುದುಕ ಅಲ್ಲಿಯೇ ಪ್ರಾಣ ಬಿಟ್ಟ.

ಠಾಣೆಯಲ್ಲಿ, "ನಿಮ್ಮ ನಿಮ್ಮ ಜಗಳ, ನೀವು ನೀವೇ ನೋಡ್ಕೊಳ್ಳಿ," ಎಂದು ನಕ್ಕು ಕಳಿಸಿದರು. ರಂಗಾಬಿ ಊರ ಹಿರಿಯ ಕಾರ್ಬಾರಿಯ ಮನೆಗೆ ಹೋದಳು. ಅವನು ಅವಳ ಊದಿದ ಮುಖವನ್ನು ನೋಡಲಾರದೆ ಬೇಲಿಯ ಕಡೆ ತಿರುಗಿ ಮಾತಾಡಿದ.

"ಕೊಂದಿದ್ರೆ ಹೆಣ ಇಲ್ಲೇ ಬಿಟ್ಟು ಹೋಗ್ತಿದ್ರು. ಬದುಕಿದ್ದಾನೆ ಅಂತ್ಲೇ ಇಟ್ಕೋ. ಆದ್ರೆ ಹಬ್ಬ ಮುಗಿಯೋವರೆಗೆ ಮಾತ್ರ. ವೈದ್ಯನಿಗೆ ಬಿದ್ದದ್ದು ಆವೇಶದ ಗುಂಡು; ಹಿಡಿದಿಟ್ಟವರನ್ನ ಹಬ್ಬದಲ್ಲಿ ಅವರು ಕೊಲ್ಲಲ್ಲ."

"ಆಮೇಲೆ?"

ಅವನು ದನಿ ತಗ್ಗಿಸಿದ. "ನಾಳೆ ಮೂಲಬಿಜು, ಹಬ್ಬದೂಟದ ದಿನ. ಲೊಕ್ಕಿಧನ್ ಯಾವ ಕಾಡಲ್ಲಿದ್ರೂ ತಾಯಿ ಮಾಡಿದ ಪಾಜೊನ್ ಉಣ್ಣೋಕೆ ಬರ್ತಾನೆ. ಆ ದಿನ ಮನೆ ಏಣಿ ಹತ್ತಿದವರನ್ನ ಇಳಿ ಅನ್ನೋ ಹಾಗಿಲ್ಲ, ಶತ್ರು ಆದ್ರೂ ಸರಿ. ಇಷ್ಟನ್ನ ನಾನು ಹೇಳಿಲ್ಲ, ನೀನು ಕೇಳಿಲ್ಲ."

ಬಾಗಿಲು ದಾಟುವಾಗ ಅವನ ಹೆಂಡತಿ ಹಿಂದಿನಿಂದ ಬಂದು ರಂಗಾಬಿಯ ರಕ್ತ ಹತ್ತಿದ ಮೇಲುಹೊದಿಕೆಯನ್ನು ತೆಗೆದುಕೊಂಡು, ತನ್ನ ಹಬ್ಬದ ಹೊಸ ಹೊದಿಕೆಯನ್ನು ಹೆಗಲಿಗೆ ಹಾಕಿದಳು. "ನಾಳೆ ಇದನ್ನೇ ಹೊದ್ದುಕೊಂಡು ಹೋಗು. ಅತಿಥಿ ಅನ್ನಿಸಬೇಕು," ಎಂದಳು.

ಮಾರನೆಯ ದಿನ ಗುಡ್ಡದ ದಾರಿಯಲ್ಲಿ ಜನ ಮನೆಯಿಂದ ಮನೆಗೆ ನಡೆಯುತ್ತಿದ್ದರು. ರಂಗಾಬಿಯನ್ನು ಕಂಡು ನಗು ನಿಲ್ಲಿಸಿ ದಾರಿ ಬಿಟ್ಟರು. ಗುಡ್ಡದ ಬುಡದವರೆಗೆ ಹಾಶೆಮ್ ಚಾಚಾ ಜೊತೆಗಿದ್ದ. "ಇದರಿಂದಾಚೆ ನಾನು ಬಂದ್ರೆ ನಿನಗೇ ಕಷ್ಟ. ಘಾಟಿನಲ್ಲಿ ದೋಣಿ ಹಿಡಿದು ಕೂತಿರ್ತೀನಿ. ಸಿಕ್ಕಿದ್ರೆ ನೇರ ಆಸ್ಪತ್ರೆಗೆ."

ಕಂಬಗಳ ಮೇಲೆ ನಿಂತ ಸೊನಾಬಿಯ ಮನೆಯ ಬಿದಿರಿನ ಏಣಿಗೆ ಬಂದೂಕುಗಳನ್ನು ಒರಗಿಸಿಟ್ಟಿದ್ದರು. ಮೇಲೆ ತೆರೆದ ಜಗಲಿಯಲ್ಲಿ ಪಕ್ಷದವರು ಸಾಲಾಗಿ ಕೂತು ಬಟ್ಟಲಿಗಾಗಿ ಕಾಯುತ್ತಿದ್ದರು. ಒಳಗೆ ದೊಡ್ಡ ಮಣ್ಣಿನ ಮಡಕೆಯಲ್ಲಿ ಪಾಜೊನ್ ಕುದಿಯುತ್ತಿತ್ತು. ಕಾಡಿನ, ತೋಟದ, ಕೆರೆಯಂಚಿನ ಸೊಪ್ಪು ತರಕಾರಿಯೆಲ್ಲ ಒಣಮೀನಿನ ಜೊತೆ ಒಂದೇ ಮಡಕೆಯಲ್ಲಿ. ಹಸಿರು ಟೋಪಿಯವನು ಅವಳನ್ನು ಕಂಡು ಎದ್ದು ನಿಂತ.

"ಇವಳ್ಯಾಕೆ ಬಂದ್ಲು?"

"ಕೂತ್ಕೋ ನೀನು," ಎಂದಳು ಒಲೆಯ ಮುಂದಿದ್ದ ಸೊನಾಬಿ. "ನನ್ನ ಏಣಿ ಅದು, ನಿನ್ನದಲ್ಲ. ಬಾ ರಂಗಾಬಿ. ಅಯ್ಯೋ, ಮುಖಕ್ಕೇನಾಯ್ತೇ?"

"ಬಿದ್ದೆ ದೊಡ್ಡಮ್ಮ," ಎಂದಳು ರಂಗಾಬಿ. ಹಬ್ಬದ ದಿನ ಮುದುಕಿಗೆ ಮೊದಲ ಮಾತಿನಲ್ಲೇ ನೋವು ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಸೊನಾಬಿ ಬಟ್ಟಲು ತುಂಬಿ ಅವಳ ಮುಂದಿಟ್ಟಳು. ರಂಗಾಬಿ ಮುಟ್ಟಲಿಲ್ಲ. ಒಳಗಿನ ಕೋಣೆಯಿಂದ ಲೊಕ್ಕಿಧನ್ ಹೊರಗೆ ಬಂದ. ದಪ್ಪಗಾಗಿದ್ದ. ಸೊಂಟದಲ್ಲಿ ಪಿಸ್ತೂಲಿತ್ತು.

"ಉಂಡು ಹೋಗು ಬೆಬೇ. ಹಬ್ಬ ಕೆಡಿಸಬೇಡ."

"ಕೀರ್ತಿ ಎಲ್ಲಿ?"

"ಯಾವ ಕೀರ್ತಿ?"

"ಚಂದ್ರ ಗಾ ಬರೆಯೋಕೆ ಬಾರದೆ ನೀನು ಅತ್ತಾಗ ನಿನ್ನ ಕೈ ಹಿಡಿದು ಬರೆಸಿದ್ನಲ್ಲ, ಆ ಕೀರ್ತಿ."

ಸಾಲಿನಲ್ಲಿದ್ದವರಲ್ಲಿ ಒಬ್ಬ ಕಿಸಕ್ಕೆಂದ. ಲೊಕ್ಕಿಧನ್ ಹಿಂತಿರುಗಿ ನೋಡದೆ ಅವನ ಕೆನ್ನೆಗೆ ಬಾರಿಸಿದ.

"ನಿನ್ನ ಮೊಬೈಲ್ ತೆಗಿ," ಎಂದಳು ರಂಗಾಬಿ. ಮುರಿದ ಹಲ್ಲಿನ ಜಾಗದಿಂದ ಮಾತಿನ ಜೊತೆ ಗಾಳಿ ಹೋಗುತ್ತಿತ್ತು. "ಕರಪತ್ರ, ಬೆದರಿಕೆ, ಎಲ್ಲ ಯಾವ ಮಣೇಲಿ ಬರೀತೀಯ? ಅವನು ತಿಂಗಳುಗಟ್ಟಲೆ ಕೂತು ಮಾಡಿದ್ದರಲ್ಲಿ ತಾನೆ? ಅವನ ಕೈಯಿಂದ ಬಂದದ್ದಲ್ವಾ ಅದು?"

"ಮಾಡಿ ಆಯ್ತಲ್ಲ ಬೆಬೇ," ಎಂದ ಲೊಕ್ಕಿಧನ್. "ಇನ್ನು ಅವನ ಕೈ ಯಾಕೆ ಬೇಕು?"

ರಂಗಾಬಿ ಬಟ್ಟಲನ್ನು ದೂರ ಸರಿಸಿದಳು. "ಅವನನ್ನು ಕೊಡು. ಅಲ್ಲಿವರೆಗೆ ನಾನು ಉಣ್ಣಲ್ಲ. ಏಣಿ ಇಳಿಯೋದೂ ಇಲ್ಲ."

ಮೂಲಬಿಜುವಿನ ದಿನ ಅತಿಥಿ ಹಸಿದು ಎದ್ದರೆ ಆ ಮನೆಯ ವರ್ಷದ ಅನ್ನವನ್ನು ಜೊತೆಗೆ ಒಯ್ದಂತೆ. ಜಗಲಿಯಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಸೊನಾಬಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮಗನನ್ನು ನೋಡಿದಳು.

"ಬೂದಿಯಲ್ಲಿ ನಿನಗೆ ಅಕ್ಷರ ತಿದ್ದಿಸಿದ ವೈದ್ಯರ ಮೊಮ್ಮಗನನ್ನ ಏನೋ ಮಾಡಿದೆ?"

"ಪಕ್ಷದ ವಿಷಯ ಅವ್ವ. ನೀನು ಬಡಿಸು."

ಸೊನಾಬಿ ಮಡಕೆಯ ಬಾಯಿಗೆ ಮುಚ್ಚಳ ಹಾಕಿದಳು. ಪಕ್ಕದಲ್ಲಿ ಕಾಲು ಚಾಚಿ ಕೂತು ಸೌಟನ್ನು ತೊಡೆಯ ಮೇಲಿಟ್ಟುಕೊಂಡಳು. "ಅವಳು ಉಣ್ಣದೆ ಈ ಮನೇಲಿ ಇನ್ನೊಂದು ಬಟ್ಟಲು ತುಂಬಲ್ಲ. ನೀನೂ ಕಾಯಿ, ನಿನ್ನ ದಂಡೂ ಕಾಯಲಿ."

ನೆರೆಯ ಹೆಂಗಸರು ಬಂದರು. ಮುಚ್ಚಿದ ಮಡಕೆ, ತುಂಬಿದ ಒಂದೇ ಬಟ್ಟಲು, ರಂಗಾಬಿಯ ಮುಖ ನೋಡಿದರು. ಅವಳ ಪಕ್ಕ ಕೂತರು. ಮತ್ತೊಂದು ಗುಂಪು ಬಂತು. ಅವರೂ ಕೂತರು. ಬಿಸಿಲೇರಿತು. ಜಗಲಿಯ ಬಿದಿರು ಭಾರಕ್ಕೆ ಕಿರುಗುಟ್ಟಿತು. ಕಾಡಿನಿಂದ ಹಸಿದು ಬಂದಿದ್ದ ಬಂದೂಕಿನವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಒಬ್ಬ ಮುದುಕಿ ತನ್ನ ನೀರಿನ ಸೋರೆಬುರುಡೆಯನ್ನು ರಂಗಾಬಿಯ ಕಡೆಗೆ ಸರಿಸಿದಳು. ನೀರು ಕುಡಿಯಬಹುದು, ಅದು ಊಟವಲ್ಲ ಎಂದು ಕಿವಿಯಲ್ಲಿ ಹೇಳಿದಳು.

"ಏಳ್ರೇ ಎಲ್ಲಾ!" ಎಂದು ಲೊಕ್ಕಿಧನ್ ಅಬ್ಬರಿಸಿದ. ಯಾರೂ ಏಳಲಿಲ್ಲ. ಅವನು ರಂಗಾಬಿಯ ಕೂದಲು ಹಿಡಿದು ಮೇಲೆತ್ತಿ ಪಿಸ್ತೂಲನ್ನು ಅವಳ ಕಿವಿಗೆ ಒತ್ತಿದ. "ಬಟ್ಟಲು ಎತ್ಕೋ. ತಿನ್ನು!"

ಅವಳು ಬಾಯಿ ಬಿಗಿಹಿಡಿದು ಅವನ ಕಣ್ಣನ್ನೇ ನೋಡಿದಳು.

"ಹೊಡಿ," ಎಂದಳು ಸೊನಾಬಿ ಕೂತಲ್ಲಿಂದಲೇ. "ಹೊಡೆದ್ಮೇಲೆ ನೆಲ ನೀನೇ ಒರೆಸಬೇಕು. ನನ್ನ ಕೈಲಾಗಲ್ಲ."

ಲೊಕ್ಕಿಧನ್ ರಂಗಾಬಿಯನ್ನು ನೂಕಿ, ತಿರುಗಿ ಮಡಕೆಗೆ ಗುಂಡಿಕ್ಕಿದ. ಮತ್ತೊಂದು. ಮಣ್ಣಿನ ಮಡಕೆ ಸಿಡಿದು, ಕುದಿಯುವ ಪಾಜೊನ್ ಸೊನಾಬಿಯ ಬಲತೋಳಿನ ಮೇಲೆ ಚೆಲ್ಲಿ, ಬಿದಿರಿನ ಸಂದಿಗಳಿಂದ ಕೆಳಗಿನ ಹಂದಿಗಳ ಮೇಲೆ ಸುರಿಯಿತು. ಹಂದಿಗಳು ಕಿರುಚಿಕೊಂಡವು. ಸೊನಾಬಿಯ ತೋಳಿನ ಚರ್ಮ ಕೆಂಪಾಗಿ ಉಬ್ಬತೊಡಗಿತು. ಅವಳು ಅಯ್ಯೋ ಎನ್ನಲಿಲ್ಲ. ಒಡೆದ ಮಡಕೆಯನ್ನೇ ನೋಡುತ್ತಿದ್ದಳು.

ಜಗಲಿಯಲ್ಲಿದ್ದ ಬಂದೂಕಿನವರಲ್ಲಿ ವಯಸ್ಸಾದವನೊಬ್ಬ ಎದ್ದ. ಪೇಟ ಬಿಚ್ಚಿ, ನೀರಿನಲ್ಲಿ ಅದ್ದಿ, ಸೊನಾಬಿಯ ತೋಳಿಗೆ ಸುತ್ತಿದ. ಆಮೇಲೆ ಏಣಿ ಇಳಿದು, ತನ್ನ ಬಂದೂಕನ್ನು ಮುಟ್ಟದೆ, ಊರ ದಾರಿ ಹಿಡಿದು ಹೊರಟುಹೋದ. ಅವನ ಹಿಂದೆ ಇನ್ನೊಬ್ಬ. ಬಿಜುವಿನ ಮಡಕೆಗೆ ಗುಂಡಿಕ್ಕಿದ ಮನೆಯಲ್ಲಿ ಕೂರಲು ಅವರಿಗೆ ಹೆದರಿಕೆಯಾಗಿತ್ತು.

"ಮಡಕೆಗೆ ಗುಂಡು ಉಣಿಸಿದೆಯಲ್ಲ," ಎಂದಳು ಸೊನಾಬಿ ಮಗನಿಗೆ, ಮೆಲ್ಲನೆ. "ಈಗ ಅವನನ್ನ ಕರಕೊಂಡು ಬಾ."

ಲೊಕ್ಕಿಧನ್ ಹಸಿರು ಟೋಪಿಯವನಿಗೆ ಕರೆತಾ ಎಂದು ಸನ್ನೆ ಮಾಡಿದ.

ಗುಡ್ಡದ ಮೇಲಿನ ಹೊಲದ ಗುಡಿಸಲಿನಿಂದ ಕೀರ್ತಿಮನಿಯನ್ನು ಇಬ್ಬರು ಹೊತ್ತು ತಂದರು. ಮುಖ ಗುರುತು ಸಿಗುವಂತಿರಲಿಲ್ಲ. ಎರಡೂ ಕೈಗಳಿಗೆ ಗೋಣಿಯ ತುಂಡು ಸುತ್ತಿತ್ತು. ರಂಗಾಬಿ ಅದನ್ನು ಬಿಡಿಸಿದಳು. ಒರಳಿನಲ್ಲಿಟ್ಟು ಒನಕೆಯಿಂದ ಕುಟ್ಟಿದ್ದರು. ಬೆರಳು ಯಾವುದು, ಅಂಗೈ ಯಾವುದು ಎಂದು ಹೇಳುವಂತಿರಲಿಲ್ಲ. ರಂಗಾಬಿ ಗೋಣಿಯನ್ನು ಎಸೆದು, ಕಾರ್ಬಾರಿಯ ಹೆಂಡತಿ ಕೊಟ್ಟ ಹೊಸ ಹೊದಿಕೆಯನ್ನು ಸೀಳಿ ಎರಡು ಕೈಗೂ ಸುತ್ತಿದಳು.

"ಬೆಬೇ," ಎಂದ ಕೀರ್ತಿಮನಿ. "ವೈದ್ಯ ಬದುಕಿದ್ನಾ?"

"ಮಾತಾಡಬೇಡ ಮಗಾ."

ಸೊನಾಬಿ ಬಗ್ಗಿ ಆ ಕೈಗಳನ್ನು ನೋಡಿದಳು. "ಯಾರ ಮನೆ ಒನಕೆ?" ಎಂದು ಕೇಳಿದಳು. ಲೊಕ್ಕಿಧನ್ ಜಗಲಿಯ ಅಂಚಿಗೆ ಹೋಗಿ ಬೆನ್ನು ಮಾಡಿ ನಿಂತಿದ್ದ. "ಇನ್ನು ಬಜಾರಿನಲ್ಲಿ ಕಂಡ್ರೆ ನಾನು ಹೊಣೆ ಅಲ್ಲ," ಎಂದ. ಅವನ ದನಿಯಲ್ಲಿ ಜೋರಿರಲಿಲ್ಲ. ತಾಯಿ ಅವನ ಕಡೆ ತಿರುಗಲಿಲ್ಲ.

ಹಸಿದು ಕೂತಿದ್ದ ಹೆಂಗಸರೇ ತಮ್ಮ ಹೊದಿಕೆಗಳನ್ನು ಒಂದಕ್ಕೊಂದು ಗಂಟು ಹಾಕಿ ಬಿದಿರಿಗೆ ಜೋಲಿ ಕಟ್ಟಿದರು. ಕೀರ್ತಿಮನಿಯನ್ನು ಅದರಲ್ಲಿ ಮಲಗಿಸಿ, ಹೆಗಲು ಬದಲಿಸುತ್ತ ಗುಡ್ಡ ಇಳಿದರು. ಕಲ್ಲಿನ ದಾರಿಯಲ್ಲಿ ಜೋಲಿ ತೂಗದಂತೆ ಒಬ್ಬಳು ಪಕ್ಕದಲ್ಲೇ ಕೈಯಾನಿಸಿ ನಡೆದಳು. ಘಾಟಿನಲ್ಲಿ ಹಾಶೆಮ್ ಚಾಚಾ ದೋಣಿಯ ತಳಕ್ಕೆ ಹುಲ್ಲು ಹಾಸಿ, ಅದರ ಮೇಲೆ ತನ್ನ ಅಂಗಡಿಯ ಹಾಸುಗಂಬಳಿ ಹರಡಿ ಕಾದಿದ್ದ. ಮೇಲುಗಡೆ, ಸುಟ್ಟ ಅಂಗಡಿಯ ಕರಿ ಕಂಬಗಳಿಂದ ಇನ್ನೂ ಹೊಗೆ ಏಳುತ್ತಿತ್ತು. ಬೀದಿಯ ಮಣ್ಣಿನಲ್ಲಿ ಅಲ್ಲಲ್ಲಿ ಕೀಲಿಗಳು ಬಿದ್ದಿದ್ದವು. ಯಾರೂ ಅವನ್ನು ತುಳಿಯದೆ ಸುತ್ತಿ ನಡೆದರು.

ದೋಣಿಯ ಹಗ್ಗ ಬಿಚ್ಚುವಾಗ ಹಿಂದಿನಿಂದ ಯಾರೋ ಕೂಗಿದರು. ಸೊನಾಬಿ ಬರುತ್ತಿದ್ದಳು. ಸುಟ್ಟ ತೋಳನ್ನು ಎದೆಗೆ ಕಟ್ಟಿಕೊಂಡು, ಏದುಸಿರು ಬಿಡುತ್ತ, ಒಂದೊಂದೇ ಮೆಟ್ಟಿಲಿಳಿದು ಬಂದಳು. ಎಡಗೈಯಲ್ಲಿ ಬಾಳೆಲೆಯ ಒಂದು ಪೊಟ್ಟಣವಿತ್ತು, ಇನ್ನೂ ಬಿಸಿ. ಒಡೆದ ಮಡಕೆಯ ತಳದಲ್ಲಿ ಉಳಿದಿದ್ದ ಪಾಜೊನ್. ಅದರೊಳಗಿನ ಮಣ್ಣಿನ ಚೂರುಗಳನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದು, ಅಗಿಯಲಾರದವನಿಗೆಂದು ಅನ್ನದ ಜೊತೆ ನುಣ್ಣಗೆ ಹಿಸುಕಿದ್ದಳು. ನೀರಿಗಿಳಿದು, ಮೊಣಕಾಲಿನವರೆಗೆ ನೆನೆದು ನಿಂತು, ಪೊಟ್ಟಣವನ್ನು ರಂಗಾಬಿಯ ಕೈಯಲ್ಲಿಟ್ಟಳು.